ವರ್ದಿಯ ಶಿಸ್ತು, ಮನುಷ್ಯನ ಮಾನ

ತಮ್ಮಾ,

ಅಗ್ನಿವೀರನಾಗಿ ಆಯ್ಕೆಯಾಗಿ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರಿಗೆ ಹೊರಟು ನಿಂತಿದ್ದೀಯ. ಲಿಖಿತ ಪರೀಕ್ಷೆ ದಾಟಿದೆ, ಓಟದಲ್ಲಿ ಗೆದ್ದೆ, ಮೆಡಿಕಲ್ಲೂ ಪಾಸಾಯಿತು. ಈಗ ನಿನಗೆ ಉಳಿದಿರುವುದು ಕೂದಲಿನ ಚಿಂತೆಯೊಂದೇ ಎಂದು ನಿಮ್ಮವ್ವ ಹೇಳಿದಳು. ‘ಬಂದೂಕು ಹಿಡಿಯೋದಕ್ಕೂ ತಲೆಗೂದಲಿಗೂ ಏನ್ ಸಂಬಂಧ ದೊಡ್ಡಪ್ಪಾ?’ ಎಂದು ನೀನೂ ಕೇಳಿದೆ. ಕೇಳಬೇಕಾದ ಪ್ರಶ್ನೆಯೇ. ‘ಫೌಜ್ ಅಂದ್ರೆ ಹಾಗೇ’ ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸುವವರು ನಿನಗೆ ಅಲ್ಲಿ ಬಹಳ ಜನ ಸಿಗುತ್ತಾರೆ. ವರ್ದಿ ತೊಟ್ಟು ಪಿಂಚಣಿ ಪಡೆದು ಬಂದವನು ನಾನು. ನನ್ನ ಮನೆಯ ಮಗುವಿಗೆ ಅಷ್ಟೇ ಉತ್ತರ ಕೊಟ್ಟು ಕಳಿಸಲಾರೆ. ಸಾವಧಾನವಾಗಿ ಓದು.

ಮೊದಲ ವಾರದಲ್ಲೇ ನಿಮ್ಮನ್ನೆಲ್ಲ ಸಾಲಾಗಿ ಕೂರಿಸಿ ತಲೆಗೆ ಮಷಿನ್ ಹಾಕುತ್ತಾರೆ. ರಂಗ್ರೂಟರು ಅದಕ್ಕೆ ಕಟೋರಾ ಕಟ್ ಎನ್ನುತ್ತಾರೆ. ಒಬ್ಬರನ್ನೊಬ್ಬರು ನೋಡಿ ನಗುತ್ತೀರಿ. ಯಾರೋ ಒಬ್ಬ ಹುಡುಗ ಮೂಲೆಗೆ ಹೋಗಿ ಕಣ್ಣು ಒರೆಸಿಕೊಳ್ಳುತ್ತಾನೆ. ಅವನನ್ನು ಗೇಲಿ ಮಾಡಬೇಡ. ಹದಿನೆಂಟರ ವಯಸ್ಸಿನಲ್ಲಿ ಕನ್ನಡಿಯಲ್ಲಿ ಕಾಣುವ ಮುಖ ಸಣ್ಣ ವಿಷಯವಲ್ಲ. ಆದರೆ ಆ ದಿನ ಸಂಜೆ ಬ್ಯಾರಕ್ಕಿನಲ್ಲಿ ಸುತ್ತ ಕಣ್ಣು ಹಾಯಿಸಿ ನೋಡು. ಯಾರ ಅಪ್ಪ ಸಾವುಕಾರ, ಯಾರ ಅಪ್ಪ ಕೂಲಿ, ಯಾರು ಕೊಲ್ಹಾಪುರದವನು, ಯಾರು ಗೋಕಾಕದವನು ಎಂದು ತಲೆ ನೋಡಿ ಹೇಳಲು ಬರುವುದಿಲ್ಲ. ಬೆಳಿಗ್ಗೆ ಬಂದಾಗ ಇದ್ದ ಹೆಚ್ಚು ಕಡಿಮೆಗಳು ಸಂಜೆಯ ಹೊತ್ತಿಗೆ ನೆಲದ ಮೇಲೆ ಬಿದ್ದಿರುತ್ತವೆ. ಇನ್ನು ಮುಂದೆ ನೀನು ಮೇಲೆ ಬರುವುದಿದ್ದರೆ ಅದು ನಿನ್ನ ಓಟದಿಂದ, ನಿನ್ನ ಗುರಿಯಿಂದ, ಪಕ್ಕದವನು ಬಿದ್ದಾಗ ನೀನು ಚಾಚುವ ಕೈಯಿಂದ.

ಆಮೇಲೆ ಶುರುವಾಗುವುದು ಟರ್ನ್ ಔಟ್, ಅಂದರೆ ವರ್ದಿಯ ಅಚ್ಚುಕಟ್ಟಿನ ನಿತ್ಯದ ಪರೀಕ್ಷೆ. ಹೊಸ ಬೆರೆಟ್ ಟೋಪಿ ಸ್ಟೋರಿನಿಂದ ಕೈಗೆ ಬಂದಾಗ ಅಗಲವಾಗಿ, ಆಕಾರವೇ ಇಲ್ಲದೆ ಜೋತು ಬೀಳುತ್ತದೆ. ಅದನ್ನು ಬಿಸಿನೀರಿನಲ್ಲಿ ನೆನೆಸಿ, ತಣ್ಣೀರಿಗೆ ಅದ್ದಿ ಹಿಂಡಿ, ಒದ್ದೆ ಇರುವಾಗಲೇ ತಲೆಗೆ ಇಟ್ಟು ಬಲಗಡೆಗೆ ಎಳೆದು ಕೂರಿಸಬೇಕು. ಬ್ಯಾಡ್ಜು ಎಡಗಣ್ಣಿನ ನೇರಕ್ಕೆ ಬರಬೇಕು. ತಲೆಯ ಮೇಲೆಯೇ ಅದು ಒಣಗಬೇಕು. ಒಣಗಿದ ಮೇಲೆ ಉಣ್ಣೆಯ ಜುಂಗನ್ನು ಹಳೆಯ ಬ್ಲೇಡಿನಿಂದ ಹಗುರವಾಗಿ ಹೆರೆದು ತೆಗೆಯಬೇಕು. ಬೂಟಿನ ತುದಿಗೆ ಪಾಲಿಶನ್ನು ತೆಳ್ಳಗೆ ಹಚ್ಚಿ, ಒದ್ದೆ ಹತ್ತಿಯಿಂದ ಸಣ್ಣ ಸಣ್ಣ ಸುತ್ತು ಹಾಕುತ್ತಾ ಮುಖ ಕಾಣುವ ತನಕ ತಿಕ್ಕಬೇಕು. ಹಿತ್ತಾಳೆಯ ಬಕಲ್ಲಿಗೆ ಬ್ರಾಸೋ ಹಾಕಿದರೆ ಅದು ಬೆಲ್ಟಿಗೆ ತಾಗಿ ಬಿಳಿ ಕಲೆ ಉಳಿಯಬಾರದು. ಇಷ್ಟೆಲ್ಲ ಮಾಡಿ ನಿಂತರೂ ತರಬೇತಿ ಕೊಡುವ ಉಸ್ತಾದರ ಕಣ್ಣು ನಿನ್ನ ಕಿವಿಯ ಹಿಂದೆ ಉಳಿದ ಒಂದು ಎಳೆ ಕೂದಲನ್ನು ಹುಡುಕಿ ತೆಗೆಯುತ್ತದೆ. ಆಗ ರಗಡಾ ಎಂಬ ಮೈಮುರಿಯುವ ಶಿಕ್ಷೆ ಬೀಳುತ್ತದೆ, ಸಿಟ್ಟೂ ಬರುತ್ತದೆ. ‘ಯುದ್ಧಕ್ಕೆ ಬಂದವರಿಗೆ ಪಾಲಿಶ್ ಹೊಡೆಯೋ ಕೆಲಸ’ ಎಂದು ಬ್ಯಾರಕ್ಕಿನಲ್ಲಿ ಗೊಣಗದವರು ಯಾರೂ ಇಲ್ಲ. ಗೊಣಗು, ತಪ್ಪಿಲ್ಲ. ಆದರೆ ಆ ಕೆಲಸ ನಿನ್ನ ಕಣ್ಣಿಗೆ ಏನನ್ನು ಕಲಿಸುತ್ತಿದೆ ಎಂಬುದನ್ನೂ ಗಮನಿಸು. ಬಕಲ್ಲಿನ ಕಲೆಯನ್ನು ತಾನಾಗಿಯೇ ಗುರುತಿಸುವ ಕಣ್ಣು ನಾಳೆ ಬಂದೂಕಿನ ನಳಿಗೆಯೊಳಗಿನ ತುಕ್ಕನ್ನು ಗುರುತಿಸುತ್ತದೆ. ಗಸ್ತಿನ ದಾರಿಯಲ್ಲಿ ನಿನ್ನೆ ಇಲ್ಲದ ಹೊಸ ಮಣ್ಣನ್ನು ಗುರುತಿಸುತ್ತದೆ.

ವರ್ದಿಯ ನಿಯಮಗಳೆಲ್ಲ ಒಂದೇ ಜಾತಿಯವಲ್ಲ. ಅವುಗಳನ್ನು ಬೇರೆ ಬೇರೆ ಮಾಡಿ ನೋಡಲು ಕಲಿತರೆ ನಿನ್ನ ಗೊಣಗಾಟದ ಅರ್ಧ ಭಾಗ ಅಲ್ಲೇ ಕಡಿಮೆಯಾಗುತ್ತದೆ.

ಮೊದಲನೆಯವು ಜೀವ ಕಾಯುವ ನಿಯಮಗಳು. ಕೂದಲು ಗಿಡ್ಡವಿದ್ದರೆ ಹೇನಿನ ಕಾಟ ಕಡಿಮೆ, ಹೆಲ್ಮೆಟ್ಟು ಭದ್ರವಾಗಿ ಕೂರುತ್ತದೆ, ತಲೆಗೆ ಪೆಟ್ಟಾದರೆ ಡಾಕ್ಟರಿಗೆ ಗಾಯ ತಕ್ಷಣ ಕಾಣುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಕಂದಕಗಳೊಳಗೆ ಹೇನು ಹರಡಿದ ಜ್ವರಕ್ಕೆ ಮಲಗಿದವರಿಗೆ ಲೆಕ್ಕವಿರಲಿಲ್ಲ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಜರ್ಮನರು ಕ್ಲೋರಿನ್ ಅನಿಲ ಬಿಟ್ಟ ಮೇಲೆ ಮುಖಕ್ಕೆ ಮಾಸ್ಕ್ ಬಂತು. ಮಾಸ್ಕಿನ ಅಂಚು ಚರ್ಮಕ್ಕೆ ಅಂಟಿ ಕೂರಬೇಕು. ನಡುವೆ ಗಡ್ಡವಿದ್ದರೆ ಗಾಳಿ ನುಸುಳುತ್ತದೆ. ಗಡ್ಡ ಬೋಳಿಸುವ ನಿಯಮದ ಪರವಾಗಿ ಸೇನೆಗಳು ಇವತ್ತಿಗೂ ಕೊಡುವ ದೊಡ್ಡ ಕಾರಣ ಇದೇ. ಕಾಲ ಪಾದದ ತಪಾಸಣೆಯ ಕಥೆಯೂ ಹಾಗೆಯೇ. ಫ್ರಾನ್ಸಿನ ಕೆಸರು ಕಂದಕಗಳಲ್ಲಿ ನಿಂತು ಕಾಲು ಕೊಳೆತವರನ್ನು ಕಂಡ ಮೇಲೆ ಒಣ ಕಾಲುಚೀಲ ಎಂಬುದು ಆಜ್ಞೆಯಾಯಿತು. 1914ರ ಚಳಿಗಾಲದಲ್ಲಿ ಆ ಕೆಸರಿನಲ್ಲಿ ನಿಂತವರಲ್ಲಿ ನಮ್ಮ ದೇಶದ ಸಿಪಾಯಿಗಳೂ ಇದ್ದರು. ಸೂರ್ಯ ಮುಳುಗಿದ ಕೂಡಲೇ ಅಂಗಿಯ ತೋಳು ಕೆಳಗಿಳಿಸಿ ಗುಂಡಿ ಹಾಕಿಕೊಳ್ಳಿ ಎಂದು ನಿನಗೆ ಹೇಳುತ್ತಾರಲ್ಲ, ಅದು ಅಂದಕ್ಕಲ್ಲ, ಸೊಳ್ಳೆಗೆ. ಈಶಾನ್ಯದ ಕಾಡುಗಳಲ್ಲಿ ಮಲೇರಿಯಾ ಎಂಥದ್ದು ಎಂದು ಅಲ್ಲಿ ಇದ್ದು ಬಂದವರನ್ನು ಕೇಳು.

ಕಾರಣವಿರುವ ನಿಯಮಕ್ಕೆ ಇನ್ನೊಂದು ಗುಣವೂ ಇದೆ: ಕಾರಣ ಬದಲಾದ ಕಡೆ ನಿಯಮವೂ ಸಡಿಲವಾಗುತ್ತದೆ. ಸಿಯಾಚಿನ್‌ನ ಮೇಲಿನ ಪೋಸ್ಟುಗಳಲ್ಲಿ ಹಿಮ ಕರಗಿಸದೆ ಕುಡಿಯಲೂ ನೀರಿಲ್ಲ. ಅಲ್ಲಿ ಯಾರೂ ದಿನಾ ಗಡ್ಡ ಕೆರೆಯಲು ಕೂರುವುದಿಲ್ಲ. ಅಲ್ಲಿಂದ ಇಳಿದು ಬರುವ ಜವಾನರ ಮುಖದ ತುಂಬ ಗಡ್ಡ ಬೆಳೆದಿರುತ್ತದೆ, ಯಾರೂ ಬೈಯುವುದಿಲ್ಲ. ಅದೇ ಜವಾನ ಅಲ್ಲಿ ಬೆವರಿದ ಕಾಲುಚೀಲ ಬದಲಿಸದೆ ಮಲಗಿದರೆ ಮಾತ್ರ ಬೈಗುಳ ತಪ್ಪದು, ಏಕೆಂದರೆ ಬೆಳಗಾಗುವುದರೊಳಗೆ ಬೆರಳು ಹೋಗಬಹುದು.

ಎರಡನೆಯವು ಒಗ್ಗಟ್ಟಿನ ಮತ್ತು ಅಭಿಮಾನದ ನಿಯಮಗಳು. ಪ್ರತಿಜ್ಞೆ ಮಾಡುವ ಕಸಮ್ ಪರೇಡಿನ ದಿನ ನಿನ್ನ ಟೋಪಿಗೆ ಮರಾಠಾ ಪಲ್ಟನ್ನಿನ ಹಸಿರು ಕೆಂಪು ಹ್ಯಾಕಲ್ ಏರುತ್ತದೆ. ಆ ಗರಿ ಗುಂಡನ್ನು ತಡೆಯುವುದಿಲ್ಲ, ಚಳಿಯನ್ನೂ ತಡೆಯುವುದಿಲ್ಲ. ಆದರೆ 1768ರಿಂದ ಇರುವ ಪಲ್ಟನ್ನಿನ ಹೆಸರು ನಿನ್ನ ತಲೆಯ ಮೇಲೆ ಕೂತಿರುತ್ತದೆ. ಪ್ಯಾರಾ ಜವಾನರ ಕೆಂಗಂದು ಬೆರೆಟ್ಟನ್ನೇ ನೋಡು. ಅದಕ್ಕಾಗಿ ಪ್ರೊಬೇಷನ್ನಿನಲ್ಲಿ ಮೈಮುರಿಯುವ ಹುಡುಗರು ಆ ಬಟ್ಟೆಯ ತುಂಡನ್ನು ಸಂಬಳಕ್ಕಿಂತ ಹೆಚ್ಚು ಬಯಸುತ್ತಾರೆ. ಆ ರೆಜಿಮೆಂಟಿನ ತರಬೇತಿ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಅದೇ ಬೆಂಗಳೂರಿನ ಮಿಲಿಟರಿ ಪೊಲೀಸ್ ಸೆಂಟರಿನಿಂದ 2021ರ ಮೇ ತಿಂಗಳಲ್ಲಿ ಮಹಿಳಾ ಸೈನಿಕರ ಮೊದಲ ತಂಡ ಹೊರಬಂತು, 83 ಹೆಣ್ಣುಮಕ್ಕಳು. ಕೂದಲನ್ನು ಕಾಲರಿಗೆ ತಾಗದಂತೆ ಬಿಗಿಯಾಗಿ ಕಟ್ಟಿ, ಗಂಡುಮಕ್ಕಳಿಗೆ ಸರಿಸಮವಾಗಿ ಕಾಲು ಎತ್ತಿ ಹೆಜ್ಜೆ ಹಾಕಿದರು. ನಿನ್ನ ತಂಗಿಗೂ ಆ ಕಡೆ ಮನಸ್ಸಿದೆಯಂತೆ, ಅವಳಿಗೂ ಈ ಕಾಗದ ಓದಲು ಕೊಡು.

ಅಭಿಮಾನಕ್ಕೂ ಒಂದು ಗೆರೆ ಇದೆ. 2023ರ ಆಗಸ್ಟ್ 1ರಿಂದ ನಮ್ಮ ಸೇನೆಯಲ್ಲಿ ಬ್ರಿಗೇಡಿಯರ್ ಮತ್ತು ಅದಕ್ಕಿಂತ ಮೇಲಿನ ಅಧಿಕಾರಿಗಳೆಲ್ಲರಿಗೂ ಒಂದೇ ಬಗೆಯ ವರ್ದಿ ಬಂತು. ಟೋಪಿ, ಹೆಗಲ ಬ್ಯಾಡ್ಜು, ಬೆಲ್ಟು, ಬೂಟು ಎಲ್ಲ ಸಮಾನ, ಹೆಗಲಿನ ಹುರಿ ಲ್ಯಾನ್‌ಯಾರ್ಡ್ ಇಲ್ಲ. ಮೂವತ್ತು ವರ್ಷ ತನ್ನ ರೆಜಿಮೆಂಟಿನ ಬಣ್ಣ ತೊಟ್ಟವನಿಗೆ ಅದನ್ನು ಬಿಚ್ಚಿಡುವುದು ಸುಲಭವಾಗಿರಲಾರದು. ಆದರೆ ಆ ಹುದ್ದೆಗೆ ಏರಿದವನ ಕೈಕೆಳಗೆ ಬೇರೆ ಬೇರೆ ರೆಜಿಮೆಂಟುಗಳ ಜವಾನರು ಇರುತ್ತಾರೆ. ಇವರು ನಮ್ಮವರು, ಅವರು ಬೇರೆಯವರು ಎಂಬ ಭಾವ ಅವನ ಹೆಗಲ ಮೇಲೂ ಕಾಣಬಾರದು. ಕೆಳಗಿರುವಾಗ ನಿನ್ನ ಪಲ್ಟನ್ನನ್ನು ಪ್ರೀತಿಸು. ಮೇಲೆ ಹೋದಂತೆ ಆ ಪ್ರೀತಿಯನ್ನು ಅಗಲ ಮಾಡಿಕೋ.

ಇನ್ನು ಮೂರನೆಯ ಜಾತಿಯ ನಿಯಮ. ಅದನ್ನು ಹೇಳುವುದಕ್ಕಾಗಿಯೇ ಮುಖ್ಯವಾಗಿ ಈ ಕಾಗದ ಬರೆಯುತ್ತಿದ್ದೇನೆ. ಕೆಳಗಿನವರ ಮನಸ್ಸು ಅರಿಯದೆ ಮೇಲಿನಿಂದ ಹೇರಿದ ನಿಯಮ ಏನು ಮಾಡುತ್ತದೆ ಎಂಬುದಕ್ಕೆ ವೆಲ್ಲೂರಿಗಿಂತ ದೊಡ್ಡ ಪಾಠ ಬೇಡ.

1805ರ ನವೆಂಬರ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೇನೆಯ ದಂಡನಾಯಕ ಸರ್ ಜಾನ್ ಕ್ರಾಡಕ್ ಹೊಸ ಆಜ್ಞೆ ಹೊರಡಿಸಿದ. ಸಿಪಾಯಿಗಳು ವರ್ದಿಯಲ್ಲಿರುವಾಗ ಹಣೆಗೆ ನಾಮ, ವಿಭೂತಿ ಹಚ್ಚಬಾರದು, ಗಡ್ಡ ಬೋಳಿಸಬೇಕು, ಮೀಸೆಯನ್ನು ಹೇಳಿದ ಅಳತೆಗೆ ಕತ್ತರಿಸಬೇಕು, ಹಳೆಯ ರುಮಾಲು ಬಿಟ್ಟು ಚರ್ಮದ ಪದಕವಿರುವ ಹೊಸ ಬಗೆಯ ಪೇಟ ತೊಡಬೇಕು. ಆ ಚರ್ಮ ದನದ್ದೋ ಹಂದಿಯದ್ದೋ ಎಂಬ ಸಂಶಯ ಹಿಂದೂಗಳನ್ನೂ ಮುಸಲ್ಮಾನರನ್ನೂ ಒಟ್ಟಿಗೇ ಸುಟ್ಟಿತು. ಪೇಟ ಇಂಗ್ಲಿಷರ ಟೋಪಿಯಂತೆ ಕಾಣುತ್ತಿತ್ತು. ಜಾತಿ ಕೆಡಿಸಲು ಹೂಡಿದ ಉಪಾಯ ಎಂಬ ಮಾತು ಹಬ್ಬಿತು. 1806ರ ಮೇ ತಿಂಗಳಲ್ಲಿ ವೆಲ್ಲೂರಿನ ಸಿಪಾಯಿಗಳು ಪೇಟ ತೊಡುವುದಿಲ್ಲ ಎಂದರು. ಅವರ ಮಾತು ಕೇಳುವ ಬದಲು ಇಬ್ಬರಿಗೆ, ಒಬ್ಬ ಹಿಂದೂ, ಒಬ್ಬ ಮುಸಲ್ಮಾನ, ತಲಾ 900 ಛಡಿಯೇಟು ವಿಧಿಸಿದರು. ಜುಲೈ 10ರ ನಸುಕಿನಲ್ಲಿ ಕೋಟೆ ಸಿಡಿಯಿತು. ನೂರಕ್ಕೂ ಹೆಚ್ಚು ಇಂಗ್ಲಿಷ್ ಸೈನಿಕರು, ಅಧಿಕಾರಿಗಳು ಸತ್ತರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಸುಲ್ತಾನನ ಮಕ್ಕಳನ್ನು ಇಟ್ಟಿದ್ದುದು ಅದೇ ಕೋಟೆಯಲ್ಲಿ. ಬಂಡೆದ್ದವರು ಮೈಸೂರಿನ ಬಾವುಟವನ್ನೇ ಏರಿಸಿದರು. ಆರ್ಕಾಟಿನಿಂದ ಕುದುರೆ ದಂಡು ತಂದ ಬ್ರಿಟಿಷ್ ಅಧಿಕಾರಿ ಗಿಲೆಸ್ಪಿ ಅದೇ ದಿನ ಕೋಟೆಯನ್ನು ಮರಳಿ ಹಿಡಿದ, ನೂರಾರು ಸಿಪಾಯಿಗಳನ್ನು ಕೊಂದ. ಟಿಪ್ಪುವಿನ ಮಕ್ಕಳನ್ನು ಕಲ್ಕತ್ತೆಗೆ ಸಾಗಿಸಿದರು. ಕೊನೆಗೆ ಆ ಆಜ್ಞೆಯನ್ನು ಕಂಪನಿಯೇ ಹಿಂತೆಗೆದುಕೊಂಡಿತು. ಕ್ರಾಡಕ್‌ನನ್ನೂ ಮದರಾಸಿನ ಗವರ್ನರ್ ಬೆಂಟಿಂಕ್‌ನನ್ನೂ ವಾಪಸು ಕರೆಸಿಕೊಂಡಿತು.

ಸಿಪಾಯಿಗಳ ಮನಸ್ಸಿನಲ್ಲಿ ಕಂಪನಿಯ ಮೇಲೆ ಬೇರೆ ಸಿಟ್ಟುಗಳೂ ಇದ್ದವು, ನಿಜ. ಆದರೆ ಕಿಡಿ ಹೊತ್ತಿದ್ದು ಹಣೆ, ಗಡ್ಡ, ಮೀಸೆ, ಪೇಟದಲ್ಲಿ. ಮನುಷ್ಯನ ಮೈಮೇಲಿನ ಈ ನಾಲ್ಕು ಜಾಗಗಳಲ್ಲಿ ಅವನ ಮನೆತನ, ಅವನ ದೇವರು, ಅವನ ಗಂಡಸುತನದ ಕಲ್ಪನೆ ಎಲ್ಲವೂ ಕೂತಿರುತ್ತವೆ. ಅಲ್ಲಿಗೆ ಕತ್ತರಿ ಹಾಕುವ ಮುನ್ನ ಅವನಿಗೆ ಕಾರಣ ಹೇಳಬೇಕು, ಅವನು ಹೇಳುವುದನ್ನು ಕೇಳಬೇಕು. ನೊಗ ಹೆಗಲು ತಿನ್ನುತ್ತಿದ್ದರೆ ಒಳ್ಳೆಯ ಒಕ್ಕಲಿಗ ಎತ್ತಿಗೆ ಬಾರುಕೋಲು ಬೀಸುವುದಿಲ್ಲ, ನೊಗ ಸರಿ ಮಾಡುತ್ತಾನೆ.

ಸ್ವತಂತ್ರ ಭಾರತದ ಸೇನೆ ಈ ಪಾಠವನ್ನು ಬಹಳ ಮಟ್ಟಿಗೆ ಕಲಿತಿದೆ. ಸಿಖ್ ಜವಾನನ ಕೇಶ, ಗಡ್ಡ, ಪಗಡಿ ಅವನ ವರ್ದಿಯ ಭಾಗವೇ. ನೌಕಾಪಡೆಯಲ್ಲಿ ಅನುಮತಿ ಪಡೆದು ಗಡ್ಡ ಬಿಡುವ ರೂಢಿ ಹಿಂದಿನಿಂದಲೂ ಇದೆ. ಆದರೂ ಎಲ್ಲವೂ ಬಗೆಹರಿದಿದೆ ಎಂದಲ್ಲ. ಧರ್ಮದ ಕಾರಣಕ್ಕೆ ಗಡ್ಡ ಬಿಟ್ಟು ಕೆಲಸ ಕಳೆದುಕೊಂಡ ವಾಯುಪಡೆಯ ಒಬ್ಬ ಮುಸ್ಲಿಂ ನೌಕರನ ಮೊಕದ್ದಮೆ ಸುಪ್ರೀಂ ಕೋರ್ಟಿನ ತನಕ ಹೋಯಿತು. ಕೂದಲು ಕತ್ತರಿಸುವುದನ್ನು ಅಥವಾ ಮುಖಕ್ಷೌರವನ್ನು ಧರ್ಮವೇ ನಿಷೇಧಿಸಿದವರಿಗೆ ಮಾತ್ರ ವಾಯುಪಡೆಯ ನಿಯಮದಲ್ಲಿ ವಿನಾಯಿತಿ ಇದೆ ಎಂದು 2016ರ ಡಿಸೆಂಬರ್‌ನಲ್ಲಿ ಕೋರ್ಟು ಅವನ ವಿರುದ್ಧ ತೀರ್ಪು ಕೊಟ್ಟಿತು. ಸಿಖ್ ಜವಾನರಿಗೆಂದೇ ವಿನ್ಯಾಸ ಮಾಡಿದ 12,730 ಹೆಲ್ಮೆಟ್‌ಗಳ ಖರೀದಿಗೆ ಸರ್ಕಾರ ಹೊರಟಾಗ, 2023ರ ಜನವರಿಯಲ್ಲಿ ಸಿಖ್ಖರ ಉನ್ನತ ಧರ್ಮಪೀಠವಾದ ಅಕಾಲ ತಖ್ತ್‌ನ ಮುಖ್ಯಸ್ಥ ಜಥೇದಾರರೇ ವಿರೋಧಿಸಿದರು. ಒಂದು ಕಡೆ ತಲೆ ಉಳಿಸುವ ಕಾಳಜಿ, ಇನ್ನೊಂದು ಕಡೆ ಆ ತಲೆಯ ಮೇಲಿನ ಪಗಡಿಯ ಗೌರವ. ಎರಡೂ ಸಾಚಾ ಮಾತುಗಳು. ಬ್ಯಾರಕ್ಕಿನಲ್ಲಿ ಇಂಥ ಚರ್ಚೆ ಬಂದಾಗ ಯಾರ ನಂಬಿಕೆಯನ್ನೂ ಹಗುರವಾಗಿ ಆಡಬೇಡ. ನಿನ್ನ ಬಲಕ್ಕೆ ಮಲಗುವವನೂ ಎಡಕ್ಕೆ ಮಲಗುವವನೂ ನಾಳೆ ನಿನ್ನ ಪ್ರಾಣಕ್ಕೆ ಕಾವಲು ನಿಲ್ಲುವವರು.

ನಿಯಮಗಳು ಶಾಶ್ವತವೂ ಅಲ್ಲ. ವೆಲ್ಲೂರಿನಲ್ಲಿ ಮೀಸೆ ಕತ್ತರಿಸಿ ಎಂದ ಅದೇ ಇಂಗ್ಲಿಷರ ಸೇನೆಯಲ್ಲಿ ಮುಂದೆ ಮೇಲ್ತುಟಿಯನ್ನು ಬೋಳಿಸಲೇ ಕೂಡದು ಎಂಬ ಕಟ್ಟಳೆ ಬಂತು. 1916ರಲ್ಲಿ, ಮಹಾಯುದ್ಧದ ನಡುವೆ, ಅದನ್ನು ತೆಗೆದುಹಾಕಿದರು. 2024ರಲ್ಲಿ ಅವರು ಗಡ್ಡಕ್ಕೂ ಅನುಮತಿ ಕೊಟ್ಟರು. ಕೆಂಪು ಕೋಟಿನ ಕಾಲ ಹೋಗಿ ಖಾಕಿ ಬಂದದ್ದು ಧೂಳಿನಲ್ಲಿ ಶತ್ರುವಿನ ಕಣ್ಣಿಗೆ ಬೀಳದಿರಲಿ ಎಂದು. 1846ರಲ್ಲಿ ಇಂಗ್ಲಿಷರು ಪೇಶಾವರದಲ್ಲಿ ಕಟ್ಟಿದ ಗೈಡ್ಸ್ ದಳದಿಂದ ಅದು ಹಬ್ಬಿತು. ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯ ಖಾಕಿ ಬಟ್ಟೆಯೂ ಆ ಕಾಲದಲ್ಲಿ ಹೆಸರಾಗಿತ್ತು. ಸ್ವಾತಂತ್ರ್ಯದ ನಂತರ ನಮ್ಮ ಸೇನೆ ಆಲಿವ್ ಹಸಿರಿಗೆ ಬಂತು. ಕೊಡಗಿನ ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯರಲ್ಲಿ ಮೊದಲಿಗರಾಗಿ ಸೇನೆಯ ಚುಕ್ಕಾಣಿ ಹಿಡಿದರು. ಅದೇ ನಮ್ಮ ಸೇನಾ ದಿನ. 2022ರ ಸೇನಾ ದಿನದಂದು ದಿಲ್ಲಿಯಲ್ಲಿ ಹೊಸ ಕಾಂಬ್ಯಾಟ್ ವರ್ದಿಯನ್ನು ತೋರಿಸಿದರು. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ನೆರವಿನಿಂದ ತಯಾರಾದ ಅದರ ಬಟ್ಟೆಯಲ್ಲಿ ಹತ್ತಿಯೂ ಪಾಲಿಯೆಸ್ಟರೂ ಬೆರೆತಿವೆ. ಹಗುರ, ಬೇಗ ಒಣಗುತ್ತದೆ, ಅಂಗಿಯನ್ನು ಪ್ಯಾಂಟಿನೊಳಗೆ ತುರುಕಬೇಕಿಲ್ಲ. ಬಿಸಿಲಿನಲ್ಲಿ ಬೆವರಿದ ಜವಾನನ ಕಷ್ಟ ವಿನ್ಯಾಸಗಾರನ ಮೇಜನ್ನು ಮುಟ್ಟಿತು ಎಂದು ನನಗೆ ಬಹಳ ಸಂತೋಷವಾಯಿತು. 2024ರಲ್ಲಿ ನೌಕಾಪಡೆ ತನ್ನ ಅಧಿಕಾರಿಗಳ ಮೆಸ್ಸಿನಲ್ಲಿ ಕುರ್ತಾ ಪೈಜಾಮಕ್ಕೂ ಬಾಗಿಲು ತೆರೆಯಿತು.

ಹಾಗಾದರೆ ನಿಯಮ ಒಪ್ಪಿಗೆಯಾಗದಿದ್ದಾಗ ನೀನು ಮಾಡಬೇಕಾದದ್ದೇನು? ಮೊದಲು ಪಾಲಿಸು, ಆಮೇಲೆ ದಾರಿ ಹಿಡಿದು ಕೇಳು. ಸೈನಿಕನ ಕೆಲವು ಹಕ್ಕುಗಳಿಗೆ ಮಿತಿ ಹಾಕಲು ಸಂವಿಧಾನದ 33ನೇ ವಿಧಿಯೇ ಸಂಸತ್ತಿಗೆ ಅಧಿಕಾರ ಕೊಟ್ಟಿದೆ; ಅದನ್ನು ಒಪ್ಪಿಯೇ ನೀನು ಒಳಗೆ ಹೋಗುತ್ತಿದ್ದೀಯ. ಆದರೆ ಬಾಯಿ ಕಟ್ಟಿ ಹಾಕಿಲ್ಲ. ಉಸ್ತಾದರನ್ನು ಕೇಳು, ಸುಬೇದಾರ್ ಸಾಬರನ್ನು ಕೇಳು, ಕಂಪನಿ ಕಮಾಂಡರ್ ಮುಂದೆ ಹೋಗಲು ಅನುಮತಿ ಬೇಡು. ಯೂನಿಟ್ಟಿಗೆ ಹೋದ ಮೇಲೆ ಸೈನಿಕ ಸಮ್ಮೇಳನದಲ್ಲಿ ಎದ್ದು ನಿಂತು ಹೇಳು. ಅನ್ಯಾಯವಾಯಿತು ಎನ್ನಿಸಿದರೆ 1950ರ ಆರ್ಮಿ ಆಕ್ಟಿನ 26ನೇ ಸೆಕ್ಷನ್ನು ದೂರು ಕೊಡುವ ಹಕ್ಕನ್ನು ಜವಾನನಿಗೆ ಕೊಟ್ಟಿದೆ. ದಿನಾ ಕೆರೆದು ಕೆರೆದು ಕೆನ್ನೆಯಲ್ಲಿ ಗುಳ್ಳೆಯೆದ್ದು ಕೀವಾಗುತ್ತಿದ್ದರೆ ಸಹಿಸಿಕೊಂಡು ಕೂರಬೇಡ, ಎಂ.ಐ. ರೂಮಿಗೆ, ಅಂದರೆ ವೈದ್ಯಕೀಯ ತಪಾಸಣೆಯ ಕೋಣೆಗೆ ಹೋಗಿ ಡಾಕ್ಟರಿಗೆ ತೋರಿಸು. ಅವರ ಚೀಟಿ ಇದ್ದರೆ ಗಡ್ಡ ಕೆರೆಯಲೇಬೇಕು ಎಂದು ಯಾರೂ ನಿನ್ನನ್ನು ಒತ್ತಾಯಿಸುವುದಿಲ್ಲ. ನೋವನ್ನು ಮುಚ್ಚಿಡುವುದು ಶೌರ್ಯವಲ್ಲ.

ಕೆಲವು ಎಚ್ಚರಿಕೆಗಳಿವೆ, ಮನಸ್ಸಿನಲ್ಲಿ ಇಟ್ಟುಕೋ. ರಜೆಗೆ ಊರಿಗೆ ಬರುವಾಗ ಸಾದಾ ಬಟ್ಟೆಯಲ್ಲಿ ಬಾ. ಜಾತ್ರೆಯಲ್ಲಿ ಮೆರೆಯಲು ವರ್ದಿ ತೊಡಬೇಡ, ಗೆಳೆಯರಿಗೆ ಫೋಟೋಕ್ಕೆಂದು ಎರವಲು ಕೊಡಬೇಡ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ನುಗ್ಗಿದ ಉಗ್ರರು ಸೇನೆಯ ವರ್ದಿಯಲ್ಲೇ ಬಂದಿದ್ದರು. ಅದಾದ ಮೇಲೆ ಸಾಮಾನ್ಯರು ಆ ಬಗೆಯ ಬಟ್ಟೆ ತೊಡಬೇಡಿ, ಅಂಗಡಿಯವರು ಮಾರಬೇಡಿ ಎಂದು ಸೇನೆಯೇ ಕೇಳಿಕೊಂಡಿತು. ಮೋಸದ ಉದ್ದೇಶದಿಂದ ಸೈನಿಕನ ವೇಷ ತೊಡುವುದು ಕಾನೂನಿನ ಪ್ರಕಾರ ಅಪರಾಧ. ವರ್ದಿಯ ಫೋಟೋ ಮೊಬೈಲಿನಲ್ಲಿ ಹಾಕಿ ಯೂನಿಟ್ಟಿನ ಹೆಸರು, ಜಾಗ ಹೊರಗೆ ಬಿಡಬೇಡ. ಸೇನೆಗೆ ಸೇರಬೇಕೆಂದಿರುವ ನಿನ್ನ ಗೆಳೆಯರಿಗೂ ಒಂದು ಮಾತು ಹೇಳು: ತೋಳಿನ ಮೇಲೆ, ಕುತ್ತಿಗೆಯ ಮೇಲೆ ಶಾಶ್ವತ ಹಚ್ಚೆ ಹಾಕಿಸಿಕೊಳ್ಳುವ ಮುನ್ನ ಯೋಚಿಸಲಿ. ಮೊಣಕೈ ಒಳಭಾಗದಿಂದ ಮಣಿಕಟ್ಟಿನ ತನಕ ಮತ್ತು ಅಂಗೈಯ ಹಿಂಭಾಗದಲ್ಲಿ ಮಾತ್ರ ಸೇನೆ ಹಚ್ಚೆಯನ್ನು ಒಪ್ಪುತ್ತದೆ. ಬುಡಕಟ್ಟಿನವರಿಗೆ ಅವರ ಪದ್ಧತಿಯಂತೆ ವಿನಾಯಿತಿ ಇದೆ. ಎಷ್ಟೋ ಹುಡುಗರ ಓಟ, ಓದು ಎಲ್ಲವೂ ಒಂದು ಹಚ್ಚೆಯಿಂದ ವ್ಯರ್ಥವಾಗುತ್ತದೆ.

ನಮ್ಮ ಮಾಜಿ ಸೈನಿಕರನ್ನು ನೋಡಿದ್ದೀಯಲ್ಲ. ಕೆಲವರು ಇವತ್ತಿಗೂ ಗಡ್ಡ ಕೆರೆಯದೆ ಬೆಳಗಿನ ಚಹಾ ಮುಟ್ಟುವುದಿಲ್ಲ. ಕೆಲವರು ಪಿಂಚಣಿ ಬಂದ ದಿನದಿಂದಲೇ ಗಡ್ಡ ಬಿಟ್ಟು ನೀವುತ್ತಾ ಕೂರುತ್ತಾರೆ. ಇಬ್ಬರೂ ಒಳ್ಳೆಯ ಸಿಪಾಯಿಗಳೇ. ನಿಯಮವನ್ನು ಪ್ರೀತಿಸಲೇಬೇಕು ಎಂದು ಸೇನೆ ಯಾರನ್ನೂ ಕೇಳಿಲ್ಲ. ಹೊಣೆಯಿಂದ ಪಾಲಿಸಬೇಕು ಎಂದಷ್ಟೇ ಕೇಳಿದೆ. ನಿನಗೆ ಸದ್ಯಕ್ಕೆ ಇರುವುದು ನಾಲ್ಕು ವರ್ಷ. ಪ್ರತಿ ನೂರು ಅಗ್ನಿವೀರರಲ್ಲಿ ಇಪ್ಪತ್ತೈದು ಜನರ ತನಕ ಮುಂದುವರಿಯುತ್ತಾರೆ. ನೀನು ಅವರಲ್ಲೊಬ್ಬನಾಗಿ, ನಾಯಕ್ ಆಗಿ, ಹವಾಲ್ದಾರ್ ಆಗಿ, ಯಾವತ್ತೋ ನಿನ್ನದೇ ರಂಗ್ರೂಟರ ಸಾಲಿನ ಮುಂದೆ ಉಸ್ತಾದನಾಗಿ ನಿಲ್ಲಬೇಕೆಂಬುದು ನನ್ನ ಆಸೆ.

ಆಗ ನೀನು ಹೇಗೆ ನಡೆದುಕೊಳ್ಳುತ್ತೀಯ ಎಂಬುದೇ ನನಗೆ ಮುಖ್ಯ. ಹುಡುಗನ ಗುಂಡಿ ಬಿಚ್ಚಿದ್ದರೆ ಗುಂಡಿಯ ಬಗ್ಗೆ ಮಾತಾಡು, ಅವನ ಊರು, ಜಾತಿ, ಅಪ್ಪ ಅಮ್ಮನನ್ನು ಎಳೆದು ತರಬೇಡ. ಶಿಕ್ಷೆ ಕೊಡಬೇಕಾಗಿ ಬಂದರೆ ಕೊಡು, ಆದರೆ ಕಾರಣ ಹೇಳಿ ಕೊಡು. ಅವನಿಗೆ ಹೇಳಿದ ನಿಯಮವನ್ನು ನೀನು ಅವನಿಗಿಂತ ಒಂದು ಗಳಿಗೆ ಮೊದಲೇ ಪಾಲಿಸಿರು. ಉಸ್ತಾದನ ಬೂಟಿನಲ್ಲಿ ಧೂಳಿದ್ದರೆ ಅವನ ಬಾಯಿಯ ಆಜ್ಞೆಗೆ ತೂಕವಿಲ್ಲ. ನೀನು ಪಾಲಿಸುವಾಗ ಪೂರ್ತಿ ಪಾಲಿಸು. ಬೇರೆಯವರಿಂದ ಪಾಲನೆ ಮಾಡಿಸುವಾಗ ಅವರ ಮಾನ ಕಾಯ್ದು ಮಾಡಿಸು. ವರ್ದಿಗೆ ಗೌರವ ಬರುವುದು ಅದರ ಇಸ್ತ್ರಿಯಿಂದ ಅರ್ಧ, ಅದನ್ನು ತೊಟ್ಟವನು ತನ್ನ ಕೈಕೆಳಗಿನವರನ್ನು ನಡೆಸಿಕೊಳ್ಳುವ ರೀತಿಯಿಂದ ಅರ್ಧ.

ನಿಮ್ಮವ್ವನಿಗೆ ನಮಸ್ಕಾರ ಮಾಡಿ ಹೊರಡು. ಭಾನುವಾರ ಫೋನ್ ಮಾಡುವಾಗ ಊಟ, ನಿದ್ದೆ, ಕಾಲಿನ ಗುಳ್ಳೆ ಎಲ್ಲವನ್ನೂ ಮುಚ್ಚಿಡದೆ ಹೇಳು. ಒಳ್ಳೆಯದಾಗಲಿ.

ನಿನ್ನ ದೊಡ್ಡಪ್ಪ